ಲಿನ್ ಅಂಕಲ್ ಮನೆಯ ಭಾನುವಾರಗಳು

ಆ ದಿನಗಳಲ್ಲೂ ನಾವು ಹೇಸ್ ಎಂಬ ಈ ಇಂಗ್ಲಿಷ್ ಊರಿನ ಇದೇ ಮನೆಯಲ್ಲಿ ಬಾಡಿಗೆಗಿದ್ದೆವು. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಪಕ್ಕದವರು ಸೀನಿದರೂ ಕೇಳುತ್ತಿತ್ತು. ಪಕ್ಕದ ಮನೆಯಲ್ಲಿ ಚೀನಾದಿಂದ ಬಂದ ಲಿನ್ ಅಂಕಲ್, ಮೇ ಆಂಟಿ ಮತ್ತು ನನ್ನ ವಾರಿಗೆಯ ಅವರ ಮಗಳು ಜಾಯ್ ಇದ್ದರು. ಅಂಕಲ್ ಚೀನೀ ಹೋಟೆಲೊಂದರ ಅಡುಗೆಯವರು.

ಭಾನುವಾರ ಬಂತೆಂದರೆ ಅವರ ಹಿತ್ತಿಲ ಕಡೆಯ ಕೋಣೆಯಲ್ಲಿ ಚೀನೀ ಕ್ರೈಸ್ತರು ಪ್ರಾರ್ಥನೆಗೆ ಸೇರುತ್ತಿದ್ದರು. ಎಂಥ ಚಳಿಯಲ್ಲೂ ಕಿಟಕಿ ತೆರೆದಿಟ್ಟು ಹಾಡುತ್ತಿದ್ದರು. ಹಿತ್ತಿಲಲ್ಲಿ ಕುಂಟಾಬಿಲ್ಲೆ ಆಡುವಾಗ ಜಾಯ್ ಒಮ್ಮೆ ಹೇಳಿದ್ದಳು: "ಅಪ್ಪನ ಊರಲ್ಲಿ ಕಿಟಕಿ ಮುಚ್ಚಿ ಪಿಸುದನಿಯಲ್ಲಿ ಹಾಡಬೇಕಿತ್ತಂತೆ. ಯಾರಾದರೂ ಪೊಲೀಸರಿಗೆ ಹೇಳಿಬಿಟ್ಟರೆ ಅಂತ ಭಯ. ಅದಕ್ಕೇ ಇಲ್ಲಿ ಅಷ್ಟು ಜೋರು." ಪ್ರಾರ್ಥನೆ ಮುಗಿದ ಮೇಲೆ ಮೇ ಆಂಟಿ ಬೇಲಿಯ ಮೇಲಿಂದ ನಮಗೆಂದೇ ಎಲೆಕೋಸು ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನುಗಳನ್ನು ಕೊಡುತ್ತಿದ್ದರು. "ನಮ್ಮ ಕಡಬಿನ ಅಕ್ಕ ಇದ್ದಂಗ ಅದ," ಎಂದು ಅಮ್ಮ ನಗುತ್ತಿದ್ದಳು.

ಆ ವಸಂತದಲ್ಲಿ ಕೊರೊನಾ ಬಂತು. ಅಂಕಲ್ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತು. ಯಾರೋ ಅವರ ಬಾಗಿಲಿಗೆ ಮೊಟ್ಟೆ ಎಸೆದು ಹೋದರು. ಬೆಳಿಗ್ಗೆ ಅಂಕಲ್ ಬಿಸಿನೀರಿನಲ್ಲಿ ಬಾಗಿಲು ಉಜ್ಜುತ್ತಿದ್ದರು. ಅಮ್ಮ ಪರದೆ ಸರಿಸಿ ನೋಡಿದಳು, ಹೊರಗೆ ಹೋಗಲಿಲ್ಲ.

"ಆ ಮನಿ ಕಡೆ ಹೋಗಬ್ಯಾಡ, ಕೇಳಿಸ್ತಿಲ್ಲೊ?" ಎಂದಳು ನನಗೆ.

"ಅವರೇನ್ ಮಾಡ್ಯಾರ?" ಎಂದೆ.

"ನಿಮ್ಮಪ್ಪ ದಿನಾ ದವಾಖಾನಿಗೆ ಹೋಗ್ತಾರ. ನನ್ನ ಜೀವ ಎಷ್ಟಂತ ಹೆದರಬೇಕು?"

ಧಾರವಾಡದಿಂದ ಬಂದಿದ್ದ ಅಪ್ಪ ಇಲ್ಲಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು.

ಜನ ಸೇರುವುದು ನಿಂತಿತು. ಆ ಭಾನುವಾರ ಮೂವರೇ ಕಂಪ್ಯೂಟರಿನ ಮುಂದೆ ಕುಳಿತು ಹಾಡತೊಡಗಿದರು. ಕಿಟಕಿ ಎಂದಿನಂತೆ ತೆರೆದಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡೇ ಹಿತ್ತಿಲಿಗೆ ಹೋಗಿ, ಬೇಲಿಯಿಂದ ದೂರ ನಿಂತು ಇಂಗ್ಲಿಷಿನಲ್ಲಿ ಕೂಗಿದಳು: "ದಯವಿಟ್ಟು ಕಿಟಕಿ ಮುಚ್ಚಿ. ನಿಮ್ಮ ಗಾಳಿ ನಮ್ಮ ಕಡೆ ಬರುತ್ತೆ."

ಹಾಡು ನಿಂತಿತು. ಲಿನ್ ಅಂಕಲ್ ಕಿಟಕಿಗೆ ಬಂದರು. "ಸಾರಿ, ಸಾರಿ," ಎಂದು ತಲೆಬಾಗಿಸಿ ಮುಚ್ಚಿಕೊಂಡರು. ಅವರ ಹಿಂದೆ ನಿಂತಿದ್ದ ಜಾಯ್ ನನ್ನನ್ನೇ ನೋಡುತ್ತಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೆಲವೇ ದಿನಗಳಲ್ಲಿ ಅಪ್ಪನೇ ರೋಗಿಯಾಗಿ ಆಸ್ಪತ್ರೆ ಸೇರಿದರು. ನನಗೂ ಅಮ್ಮನಿಗೂ ಜ್ವರ. ಕನ್ನಡದ ಗೆಳೆಯರೆಲ್ಲ ಫೋನಿನಲ್ಲಿ ಧೈರ್ಯ ಹೇಳಿದರು, ಬರುವ ಹಾಗಿರಲಿಲ್ಲ. ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಹೊಸ್ತಿಲಲ್ಲಿ ಪಾತ್ರೆ, ಅದರಲ್ಲಿ ಶುಂಠಿ ಹಾಕಿದ ಬಿಸಿ ಅಕ್ಕಿಗಂಜಿ. ಅಂಕಲ್, ಆಂಟಿ ಆಚೆ ಫುಟ್‌ಪಾತಿನಲ್ಲಿ ನಿಂತಿದ್ದರು.

"ಮಾಂಸ ಹಾಕಿಲ್ಲ, ಪಾತ್ರೆಯೂ ಹೊಸದು," ಎಂದರು ಆಂಟಿ.

ಲಿನ್ ಅಂಕಲ್ ತಡವರಿಸುತ್ತ ಹೇಳಿದರು: "ಡಾಕ್ಟರಿಗಾಗಿ, ಅವರ ಹೆಸರು ಹಿಡಿದು, ದಿನವೂ ಪ್ರಾರ್ಥಿಸುತ್ತಿದ್ದೇವೆ. ಹೆದರಬೇಡಿ, ಕಿಟಕಿ ಮುಚ್ಚಿಕೊಂಡೇ."

ಚುಚ್ಚಿ ಆಡಿದ ಮಾತಲ್ಲ ಅದು, ನಮಗೆ ಸಮಾಧಾನ ಹೇಳಲು ಆಡಿದ್ದು. ಅಮ್ಮ ಪಾತ್ರೆ ಒಳಗೆ ತಂದು, ಗೋಡೆಗೆ ಆತು ಕುಳಿತುಬಿಟ್ಟಳು. "ಯಾವ ಮುಖಾ ಇಟ್ಕೊಂಡು ತಿನ್ನಲಿ?" ಎಂದಳು. ಆದರೂ ತಿಂದೆವು, ಹಸಿವಾಗಿತ್ತು. ಗಂಜಿ ದಿನವೂ ಬಂತು.

ಅಪ್ಪ ಬದುಕಿ ಬಂದರು. ಸುಧಾರಿಸಿಕೊಂಡ ಮೇಲೆ ಹೋಗಿ ಕ್ಷಮೆ ಕೇಳುತ್ತೇನೆಂದು ಅಮ್ಮ ಅನ್ನುತ್ತಲೇ ಇದ್ದಳು. ಅಷ್ಟರಲ್ಲಿ ಕೆಲಸವಿಲ್ಲದ ಅಂಕಲ್ ಸಂಸಾರ ಕಟ್ಟಿಕೊಂಡು ಮ್ಯಾಂಚೆಸ್ಟರಿನ ತಮ್ಮನ ಮನೆಗೆ ಹೊರಟರು. ವ್ಯಾನಿನ ಬಳಿ ಅಮ್ಮ ಆಂಟಿಯ ಎರಡೂ ಕೈ ಹಿಡಿದು ನಿಂತಳು. ಬಾಯಿಂದ ಬಂದದ್ದು "ಹುಷಾರಾಗಿ ಹೋಗಿ" ಎಂದಷ್ಟೇ.

ನಾನೀಗ ಕಾಲೇಜಿಗೆ ಹೋಗುತ್ತೇನೆ. ಆಚೆ ಮನೆಗೆ ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ. ಅವರ ಹೆಸರು ನಮಗೆ ಗೊತ್ತಿಲ್ಲ, ನಮ್ಮದು ಅವರಿಗೆ. ಹೆಸರು ಹಿಡಿದು ನಮಗಾಗಿ ಬೇಡಿಕೊಳ್ಳುವವರು ಈ ಬೀದಿಯಲ್ಲಿ ಈಗ ಯಾರೂ ಇಲ್ಲ.