ಮೊಳೆ ಹೊಡೆಯುವ ಹಕ್ಕು

ಮಾವಿನೆಲೆ ಮುರಿದಾಗ ಬರುವ ಹಸಿ ವಾಸನೆ ನಿಮಗೂ ಗೊತ್ತಿರುತ್ತದೆ. ಈ ಯುಗಾದಿಗೆ ಪಕ್ಕದ ಬಡಾವಣೆ ದಿ ಪಾಂಡ್ಸ್‌ನಲ್ಲಿರುವ ಗೆಳತಿಯ ಹಿತ್ತಲಿನಿಂದ ಎಲೆ ತಂದು ತೋರಣ ಕಟ್ಟಿ, ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಹೊಸ ಮನೆಯ ಬಾಗಿಲ ಮೇಲಿನ ಕಪ್ಪು ತೊಲೆಗೆ ಮೊಳೆ ಹೊಡೆದೆ. ಸದ್ದೇ ಬರಲಿಲ್ಲ. ಒಂದೇ ಏಟಿಗೆ ಮೊಳೆ ಪೂರ್ತಿ ಒಳಗೆ ಹೋಯಿತು. ಹಳೇ ಇಂಗ್ಲಿಷ್ ಬಂಗಲೆಯಂತೆ ಕಾಣಲೆಂದು ನನ್ನ ಗಂಡ ಆಸೆಪಟ್ಟು ಆರಿಸಿದ ಮುಂಭಾಗದ ತೊಲೆಗಳೆಲ್ಲ ಬಣ್ಣ ಬಳಿದ ಥರ್ಮೋಕೋಲ್.

ಸಿಟ್ಟಿನಲ್ಲಿ ಮೊದಲು ನೆನಪಾದವರು ಹೆರಾಲ್ಡ್. ಮೆಲ್ಬರ್ನ್‌ನಲ್ಲಿ ಓದುವಾಗ ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ನಿವೃತ್ತ ಬಡಗಿ, ಪ್ರಾಯದಲ್ಲಿ ಇಂಗ್ಲೆಂಡಿನ ಒಂದು ಹಳೇ ಜಮೀನ್ದಾರಿ ಬಂಗಲೆಯ ರಿಪೇರಿಯಲ್ಲಿ ಕೆಲಸ ಕಲಿತವರು. ನಾನು ಅನ್ನಕ್ಕಿಡಲು ಅಡುಗೆಮನೆಗೆ ಹೋದರೆ ಸಾಕು, ಆ ಬಂಗಲೆಯ ಕಥೆ ಶುರು. ಹಸಿ ಓಕ್ ಮರವನ್ನೇ ಕೊರೆದು, ನೆಲದ ಮೇಲೆ ಚೌಕಟ್ಟು ಜೋಡಿಸಿ, ತುಂಡಿಗೊಂದು ಗುರುತು ಕೆತ್ತಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರಂತೆ. ಮೊಳೆಯಿಲ್ಲ, ಬರೀ ಮರದ ಗೂಟ. ಮರ ಒಣಗಿದಂತೆಲ್ಲ ಬಿಗಿ. ಮೊದಲು ನಡುಮನೆಯಲ್ಲೇ ಒಲೆ, ಹೊಗೆಯೆಲ್ಲ ಸೂರಿಗೆ. ಚಿಮಣಿ, ಮಹಡಿ ಆಮೇಲೆ ಬಂದವು. ಎಷ್ಟೋ ಕಾಲದ ನಂತರ ಆ ತೊಲೆಗಳಿಗೆ ಕಪ್ಪು ಬಳಿದವರನ್ನಂತೂ ನಿನ್ನೆ ಮೊನ್ನೆ ಬಳಿದರೇನೋ ಎಂಬಂತೆ ಬೈಯುತ್ತಿದ್ದರು. ಗೋಡೆಗೆ ಹೆಣೆದ ಕಡ್ಡಿ, ಮಣ್ಣು, ಸಗಣಿ. ನಮ್ಮಜ್ಜಿಯ ಕೊಟ್ಟಿಗೆಗೂ ಅದೇ. ಅಲ್ಲಿ ಅದು ಬಡತನ, ಇವರ ಬಾಯಲ್ಲಿ ಇತಿಹಾಸ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತಮ್ಮ ಮನೆಯ ಬಾಗಿಲ ಚೌಕಟ್ಟನ್ನೂ ಅವರು ಹಾಗೇ ಗೂಟ ಬಡಿದು ಮಾಡಿದ್ದರು. ಯುಗಾದಿಯ ತೋರಣಕ್ಕೆ ಮೊಳೆ ಹೊಡೆಯಲೇ ಎಂದು ಕೇಳಿದೆ. "ನೋ ನೇಲ್ಸ್, ಡಿಯರ್," ಅಂದರು. ಟೇಪಿನಲ್ಲಿ ಅಂಟಿಸಿದೆ, ಮಧ್ಯಾಹ್ನಕ್ಕೆ ಬಿದ್ದಿತ್ತು. ನನ್ನದೇ ಮನೆಯಾದ ದಿನ ಮನಸ್ಸಿಗೆ ಬಂದಲ್ಲಿ ಮೊಳೆ ಹೊಡೆಯುತ್ತೇನೆಂದು ಅಂದೇ ಹಟ ತೊಟ್ಟೆ. ಸಂಜೆ ಬಂದು ನೋಡಿದರೆ ಚೌಕಟ್ಟಿನಲ್ಲಿ ಎರಡು ಪುಟ್ಟ ಓಕ್ ಗೂಟ; ಅವಕ್ಕೆ ನನ್ನ ತೋರಣ, ತುಸು ಓರೆಯಾಗಿ. ಮನೆ ಬಿಡುವಾಗ ಆ ಗೂಟಗಳನ್ನು ಕಿತ್ತು ನನ್ನ ಕೈಗಿಟ್ಟರು. "ಫಾರ್ ಯುವರ್ ಓನ್ ಡೋರ್." ನಾನು ಸರಿಯಾಗಿ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈಗ ಹೊಲಿಗೆ ಡಬ್ಬಿಯಿಂದ ಆ ಗೂಟಗಳನ್ನು ಹುಡುಕಿ ತಂದೆ. ತೊಲೆಯನ್ನು ಬೆರಳಲ್ಲಿ ಒತ್ತಿದರೆ ಗುಳಿ ಬಿತ್ತು. ಪಕ್ಕದ ಕಂಬವೂ ಅಷ್ಟೇ. ಬಾಗಿಲ ಚೌಕಟ್ಟು ಅಲ್ಯೂಮಿನಿಯಂ.

"ಟೇಪ್ ಹಾಕ್ಬಿಡೇ, ಯಾರ್ ನೋಡ್ತಾರೆ?" ಅಂದ ಗಂಡ.

ಹಾಕಿದೆ. ಇಷ್ಟು ವರ್ಷ ಕಾದು ಕಟ್ಟಿಸಿದ ಸ್ವಂತ ಮನೆಗೆ, ಬಾಡಿಗೆಯವಳ ಹಾಗೆ. ಹೆರಾಲ್ಡ್ ಕೊಟ್ಟ ಗೂಟಗಳನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದೆ. ನಮ್ಮ ಇಂಗ್ಲಿಷ್ ಬಂಗಲೆಯಲ್ಲಿ ನಿಜವಾದ ಓಕ್ ಅಂತ ಇರುವುದು ಅವೆರಡೇ.