ಗಡಿಯಾರವಿದ್ದ ಬೀಗ

ಬೀಗದಣ್ಣ ಆ ಬ್ಯಾಂಕಿಗೆ ಮೊದಲ ದಿನ ಬಂದಾಗ ಬಾಗಿಲಲ್ಲೇ ನಿಂತು ಎರಡೂ ಜೇಬುಗಳನ್ನು ಹೊರಗೆಳೆದು ತೋರಿಸಿದ. ಬರುವಾಗಲೂ ಹೊರಡುವಾಗಲೂ ಹಾಗೆ ತೋರಿಸುವುದು ಅವನೇ ಹಾಕಿಕೊಂಡ ಕಟ್ಟಳೆ. ಯಾವ ತಿಜೋರಿಯನ್ನಾದರೂ ತೆಗೆಯಬಲ್ಲವನ ಮೇಲೆ ಊರಿನ ಕಣ್ಣು ಇದ್ದೇ ಇರುತ್ತದೆ. ಪಕ್ಕದ ಮನೆಯಲ್ಲಿ ಚಮಚ ಕಾಣೆಯಾದರೂ ಮೊದಲು ಇವನ ಮುಖ ನೋಡುತ್ತಿದ್ದರು. ಅನುಮಾನಪಡುವುದರಲ್ಲಿ ಅವನೇನೂ ಕಡಿಮೆಯವನಲ್ಲ, ಹಾಲಿನವಳು ನಕ್ಕರೆ ಹಾಲಿಗೆ ನೀರು ಬಿದ್ದಿದೆ ಎನ್ನುತ್ತಿದ್ದ.

“ನಿಮ್ಮನ್ನ ಹೇಗಪ್ಪಾ ನಂಬೋದು?” ಎಂದರು ಮ್ಯಾನೇಜರಮ್ಮ.

“ನಂಬಬೇಡಿ ಅಮ್ಮಾ. ಎದುರಿಗೇ ಕೂತ್ಕೊಳ್ಳಿ.”

ಆಗ ಹೊಸ ಬಗೆಯ ಬೀಗ ಬಂದಿತ್ತು; ಅದನ್ನು ಬ್ಯಾಂಕಿನ ತಿಜೋರಿಗೆ ಹಾಕಲೆಂದೇ ಇವನನ್ನು ಕರೆಸಿದ್ದರು. ಕಳ್ಳರು ಬ್ಯಾಂಕಿನವರನ್ನೇ ಹೆದರಿಸಿ ತಿಜೋರಿ ತೆಗೆಸುತ್ತಾರೆಂದು ಬಾಗಿಲೊಳಗೇ ಗಡಿಯಾರ ಕೂರುವಂತೆ ಯಾರೋ ಅದನ್ನು ಮಾಡಿದ್ದರು. ಸಂಜೆ ಅದನ್ನು ಎಷ್ಟು ಗಂಟೆ ತಿರುಗಿಸಿಟ್ಟು ಮುಚ್ಚಿದರೆ, ಅಷ್ಟು ಹೊತ್ತು ಕಳೆಯುವ ತನಕ ಕೀಲಿ ಇದ್ದವರಿಗೂ ಅದು ತೆರೆಯದು.

ಬೆಳಗಿನ ಹತ್ತಕ್ಕೆ ತೆರೆಯುವಂತೆ ಬೀಗದಣ್ಣ ಗಡಿಯಾರ ತಿರುಗಿಸಿದ. ಆಮೇಲೆ ಅನುಮಾನ ಹೊಕ್ಕಿತು. ಹೊಸ ಯಂತ್ರ, ಮುಂದೆ ಓಡಿಬಿಟ್ಟರೆ? ಹೊತ್ತಿಗೆ ಮುಂಚೆ ತೆರೆದುಕೊಂಡರೆ ಯಾರ ತಲೆಗೆ ಬರುತ್ತದೆ? ಮ್ಯಾನೇಜರಮ್ಮ ಸೀನಿದ ಹೊತ್ತು ನೋಡಿ ಇನ್ನೊಂದು ಗಂಟೆ ಸೇರಿಸಿದ. ಕೈಯ ಎಣ್ಣೆ ತೊಳೆಯಲು ಹೋದ. ಮರಳಿ ಬರುವಷ್ಟರಲ್ಲಿ ಅವರು ಬಾಗಿಲು ಮುಚ್ಚಿದ್ದರು.

ಮರುದಿನ ಹತ್ತಾದರೂ ಬಾಗಿಲು ಜಪ್ಪಯ್ಯ ಎನ್ನಲಿಲ್ಲ. ಹಣಕ್ಕೆ ಬಂದವರು ಗುಜುಗುಜು ಎಂದರು. ಬೀಗದಣ್ಣ ನಿರಾಳವಾಗಿ ಕುಳಿತಿದ್ದ. ಸೋಜಿಗವೆಂದರೆ ಮ್ಯಾನೇಜರಮ್ಮನೂ ಬೆದರಲಿಲ್ಲ.

“ಹನ್ನೊಂದಕ್ಕೆ ನೋಡೋಣ” ಎಂದರು.

ಹನ್ನೊಂದೇ ಏಕೆ? ಬೀಗದಣ್ಣನ ಕಿವಿ ನೆಟ್ಟಗಾಯಿತು. ಸೀನುತ್ತಲೇ ನೋಡಿಬಿಟ್ಟರೋ?

ಹನ್ನೊಂದಾಯಿತು. ಬಾಗಿಲು ತೆರೆಯಲಿಲ್ಲ. ಈಗ ಇಬ್ಬರ ಮುಖವೂ ಬಿಳಿಚಿಕೊಂಡಿತು.

“ರಾತ್ರಿನೇ ಖಾಲಿ ಮಾಡಿರ್ತಾನೆ. ಜೇಬು ತೋರಿಸೋದೆಲ್ಲ ನಾಟಕ!” ಎಂದರು ಯಾರೋ.

ಈ ಮಾತು ಬೀದಿಗಿಳಿದರೆ ನಾಳೆಯಿಂದ ಟ್ರಂಕಿನ ಬೀಗವನ್ನೂ ಯಾರೂ ತನ್ನ ಕೈಗೆ ಕೊಡರು ಎಂದು ಅವನಿಗೆ ಗೊತ್ತಿತ್ತು.

“ಅಮ್ಮಾ, ನಾನು ಒಂದು ಗಂಟೆ ಜಾಸ್ತಿ ತಿರುಗಿಸಿದ್ದೆ. ಅದೂ ಮುಗೀತು. ಇನ್ನೇನಾಗಿದೆಯೋ ನಾ ಕಾಣೆ” ಎಂದ ಮೆಲ್ಲಗೆ.

ಮ್ಯಾನೇಜರಮ್ಮ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

“ನೀವು ಕೈ ತೊಳೆಯೋಕೆ ಹೋದಾಗ ನಾನೂ ಒಂದು ಗಂಟೆ ತಿರುಗಿಸಿದೆ. ಸಣ್ಣ ಅಂಕಿ ಕಾಣಲಿಲ್ಲ. ಮುಂಚೆ ತೆರೆಯೋ ಹಾಗೆ ಇಟ್ಟಿದ್ದೀರೇನೋ ಅಂತ...”

“ಸದ್ಯ, ನನಗೆ ಅದನ್ನ ತಿರುಗಿಸೋಕೆ ಬರಲ್ಲ!” ಎಂದ ಪಕ್ಕದಲ್ಲಿ ನಿಂತಿದ್ದ ಬ್ಯಾಂಕಿನ ಕಾವಲುಗಾರ.

ಹನ್ನೆರಡಕ್ಕೆ ಒಳಗೆ ‘ಟಕ್’ ಎಂದಿತು, ಬಾಗಿಲು ತೆರೆಯಿತು. ಮ್ಯಾನೇಜರಮ್ಮ ಹೊರಗೆ ಹೋಗಿ ಎಲ್ಲರಿಗೂ ಕೇಳುವಂತೆ, “ತಿಜೋರಿ ತುಂಬಿಯೇ ಇದೆ. ತಪ್ಪು ಬೀಗದ್ದೂ ಅಲ್ಲ, ಬರೀ ಇವರದ್ದೂ ಅಲ್ಲ, ಅರ್ಧ ನನ್ನದು” ಎಂದರು.

ಈಗ ಬೀಗದಣ್ಣ ತಿಜೋರಿಗಳ ಸಹವಾಸ ಬಿಟ್ಟು, ಮನೆಯ ಮುಂದಿನ ಮೆಟ್ಟಿಲ ಮೇಲೆ ಕುಳಿತು ಗೋಡೆ ಗಡಿಯಾರಗಳನ್ನು ರಿಪೇರಿ ಮಾಡುತ್ತಾನೆ. ನಿವೃತ್ತರಾದ ಮ್ಯಾನೇಜರಮ್ಮ ತಮ್ಮದನ್ನು ತಂದರೆ, ಕೆಲಸ ಮುಗಿಯುವವರೆಗೂ ಎದುರಿಗೇ ಕೂರುತ್ತಾರೆ. ಅವರು ಹೊರಟಾಗ ಅವನು ಹಳೆಯ ಅಭ್ಯಾಸದಂತೆ ಜೇಬು ಹೊರಗೆಳೆದು ತೋರಿಸುತ್ತಾನೆ. ಅವರೂ ನಗುತ್ತ ಕೈಚೀಲ ಬಿಚ್ಚಿ ತೋರಿಸುತ್ತಾರೆ. ಅವನು ಇಣುಕಿ ನೋಡಿಯೇ ಕಳಿಸುತ್ತಾನೆ.