ಅಕ್ಕನ ರೈಫಲಿಗೆ ಚಿಕ್ಕಪ್ಪನ ಬಣ್ಣ

ನಾನು ಚಿಕ್ಕವನಿದ್ದಾಗ ಕೊಡಗಿನ ನಮ್ಮ ಮನೆಯಲ್ಲಿ ಒಂದು ಹಳೆಯ ರೈಫಲ್ ಇತ್ತು. ಸೇನೆಯವರು ಸಾಕೆಂದು ಮಾರಿದ್ದು. ಸೇನೆಯ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾಗಿದ್ದ ಅಪ್ಪ ಲೈಸೆನ್ಸ್ ಮಾಡಿಸಿ ಅದನ್ನು ಮನೆಗೆ ತಂದಿದ್ದರು. ಮೇಲಿನ ಮರದ ಕವಚ ಇರಲಿಲ್ಲ. ಬೋಳು ನಳಿಗೆಯ ಹೊರಮೈಯನ್ನು ತುಕ್ಕು ತಿಂದು ಕುಳಿಕುಳಿ ಮಾಡಿತ್ತು.

ಆ ವರ್ಷ, ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದ ಹಬ್ಬಕ್ಕೆ ಮೊದಲು, ಅಪ್ಪ ಮತ್ತು ಅಕ್ಕ ಅದನ್ನು ಸರಿಮಾಡಲು ಕೂತರು. ಅಕ್ಕ ಅರ ಹಿಡಿದು ನಳಿಗೆಯನ್ನು ಉದ್ದಕ್ಕೂ ಉಜ್ಜಿದಳು. ಅಪ್ಪ ಘಾಟು ವಾಸನೆಯ ದ್ರಾವಣ ಸವರಿ, ಬೇಕೆಂದೇ ತೆಳ್ಳಗೆ ಹೊಸ ತುಕ್ಕು ಬರಿಸಿದರು. ತಗಡಿನ ತೊಟ್ಟಿಯಲ್ಲಿ ಕುದಿಸಿದಾಗ ಆ ಕೆಂಪು ಕಪ್ಪಾಯಿತು. ತಿಕ್ಕಿ, ಸವರಿ, ಮತ್ತೆ ಕುದಿಸಿ, ಕೊನೆಗೆ ನಳಿಗೆಗೆ ಮಾಗಿದ ನೇರಳೆಹಣ್ಣಿನ ಬಣ್ಣ ಬಂತು. ಆಳದ ಕುಳಿಗಳು ಮಾತ್ರ ಉಳಿದವು. ಅವನ್ನೂ ಉಜ್ಜಿ ತೆಗೆಯೋಣ ಎಂದಳು ಅಕ್ಕ.

“ಇನ್ನೂ ಉಜ್ಜಿದ್ರೆ ನಳಿಗೆ ತೆಳ್ಳಗಾಗುತ್ತೆ. ಕುಳಿ ಇದ್ರೆ ಇರಲಿ ಬಿಡು,” ಎಂದರು ಅಪ್ಪ.

ಹಬ್ಬದ ಹಿಂದಿನ ದಿನ ಬೆಂಗಳೂರಿನಿಂದ ಚಿಕ್ಕಪ್ಪ ಬಂದರು. ಅವರಿಗಿಂತ ಮೊದಲು ಅವರ ಸೆಂಟು ಒಳಗೆ ಬಂತು. ಬೂಟಿನ ಹೊಳಪು ಬಿಟ್ಟರೆ ಬೇರೆ ಚಿಂತೆಯೇ ಇಲ್ಲದ ಮನುಷ್ಯ. ರೈಫಲ್ ನೋಡಿ ಮೂಗು ಮುರಿದರು. ಆಮೇಲೆ ಸಿಡುಬಿನ ಕಲೆಗಳಿದ್ದ ಅಕ್ಕನ ಮುಖದತ್ತ ತಿರುಗಿ, “ಅದಕ್ಕೂ ಸಿಡುಬು, ಇವಳಿಗೂ ಸಿಡುಬು,” ಎಂದು ನಕ್ಕು, ಅವಳ ಕೈಗೊಂದು ಪೌಡರ್ ಡಬ್ಬಿ ಕೊಟ್ಟರು. ಅಕ್ಕ ಅದನ್ನು ದನದ ಕೊಟ್ಟಿಗೆಯಲ್ಲಿ ಇಟ್ಟು ಬಂದಳು.

ಅಪ್ಪ ಗದ್ದೆಗೆ ಹೋಗಿದ್ದಾಗ ಚಿಕ್ಕಪ್ಪ ಕುಳಿಗಳಿಗೆಲ್ಲ ಅರಗು ತುಂಬಿ, ಮೇಲೆ ಕಪ್ಪು ಪೇಂಟ್ ಬಳಿದರು. ಅರಗು ಅಂದರೆ ಬಿಸಿಗೆ ಕರಗುವ ಅಂಟು, ಮಕ್ಕಳೇ. ಈ ಪರದೇಶದಲ್ಲಿ, ನಿಮ್ಮ ಟ್ರುಗನಿನಾ ಬಡಾವಣೆಯ ಅಂಗಡಿಗಳಲ್ಲಿ ನಾನು ಕಂಡಿಲ್ಲ. ಅಪ್ಪ ಬಂದು ನೋಡಿದರು. ನಾಳೆ ಹಬ್ಬದ ಗುರಿ ಪಂದ್ಯದಲ್ಲಿ ಮೊದಲು ನೀನೇ ಹೊಡಿ ಎಂದಷ್ಟೇ ತಮ್ಮನಿಗೆ ಹೇಳಿದರು.

ಮರುದಿನ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಚಿಕ್ಕಪ್ಪ ಒಂದರ ಮೇಲೊಂದು ಗುಂಡು ಹಾರಿಸಿದರು. ಎಲೆಗಳು ಉದುರಿದವು, ಕಾಯಿ ಅಲ್ಲಾಡಲಿಲ್ಲ. ಬಿಸಿಲೂ ಗುಂಡೂ ಸೇರಿ ನಳಿಗೆ ಕಾದು, ಪೇಂಟ್ ಸುಟ್ಟ ವಾಸನೆ ಎದ್ದಿತು. ತಪ್ಪೆಲ್ಲ ಬಂದೂಕಿನದು ಎನ್ನುತ್ತ ಅವರು ನಳಿಗೆಗೆ ಕೈ ಹಾಕಿದರು. ಕರಗಿದ ಅರಗು ಅಂಗೈಗೆ ಅಂಟಿತು. ಕಿತ್ತುಕೊಂಡ ಕೈಯನ್ನು ಗೊತ್ತಿಲ್ಲದೆ ಕೆನ್ನೆಗೆ ಒರೆಸಿಕೊಂಡರು. ಊರೆಲ್ಲ ನಕ್ಕಿತು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂದಿಗೂ ಆ ಮನುಷ್ಯನ ಮೇಲೆ ನನಗೆ ಕನಿಕರ ಹುಟ್ಟಿಲ್ಲ.

ಅಕ್ಕ ರೈಫಲ್ ತೆಗೆದುಕೊಂಡು, ತೆಂಗಿನ ಚಿಪ್ಪಿನಿಂದ ಅರಗನ್ನೂ ಬಣ್ಣವನ್ನೂ ಕೆರೆದು, ಗೋಣಿಯಿಂದ ಒರೆಸಿದಳು. ಕುಳಿಗಳು ಮತ್ತೆ ಕಂಡವು. ಉಸಿರು ಬಿಗಿಹಿಡಿದು ಒಂದೇ ಗುಂಡು ಹೊಡೆದಳು. ಕಾಯಿ ಒಡೆದು ಒಳಗಿನ ನೀರು ನಮ್ಮ ತಲೆಗಳ ಮೇಲೆ ಸಿಡಿಯಿತು.

ನೀವೀಗ ವಿಡಿಯೋ ಗೇಮಿನ ಬಂದೂಕಿಗೆ ಬೆರಳು ತಾಗಿಸಿ ಚಿನ್ನದ ಬಣ್ಣ ಬರಿಸುತ್ತೀರಿ. ಫೋನಿನಲ್ಲಿ ಮೊಡವೆ ಮಾಯ ಮಾಡುತ್ತೀರಿ. ಚಿಕ್ಕಪ್ಪ ಬದುಕಿದ್ದಿದ್ದರೆ ಇಲ್ಲಿ ಕೇಳದೆಯೇ ಪಿಆರ್, ಅಂದರೆ ಕಾಯಂ ನೆಲೆಸುವ ಪರವಾನಗಿ, ಸಿಗುತ್ತಿತ್ತು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಇಲ್ಲೇ ಎಪ್ಪಿಂಗ್ ಬಡಾವಣೆಯಲ್ಲಿರುವ ನನ್ನ ಮೊಮ್ಮಗ ಕೊಡಗಿನಲ್ಲಿರುವ ಅಕ್ಕನನ್ನು ಕೇಳಿದ, ಅಜ್ಜಿ, ನಿಮ್ಮ ಮುಖಕ್ಕೆ ಫಿಲ್ಟರ್ ಹಾಕ್ಲಾ ಅಂತ.

“ಹಾಕು ಮಗಾ,” ಎಂದಳು ಅಕ್ಕ. “ಆಮೇಲೆ ಆ ಹೊಸ ಮುಖದವಳ ಹತ್ರಾನೇ ಮಾತಾಡು. ನಾನು ಹೋಗ್ತೀನಿ.”